ಅತ್ತೆ ಮಂಡಿಗೆ ಅಂಟಿಸಿಕೊಂಡ ಪ್ಯಾಚ್: ಈ ಮರೆವು ಹೋಗುತ್ತಾ ಡಾಕ್ಟ್ರೇ?

ಪ್ರಶ್ನೆ: ನಾವು ವಿಜಯನಗರದಲ್ಲಿದ್ದೇವೆ. ಮಾವನವರಿಗೆ ಗಂಟಲು ಕ್ಯಾನ್ಸರ್. ನೋವಿಗೆ ಮೂರು ದಿನಕ್ಕೊಮ್ಮೆ ಬದಲಾಯಿಸುವ ಫೆಂಟನಿಲ್ ಪ್ಯಾಚ್ ಕೊಟ್ಟಿದ್ದಾರೆ. ಎರಡೂವರೆ ತಿಂಗಳ ಹಿಂದೆ ನಮ್ಮತ್ತೆ ಅದನ್ನು ಮಾಮೂಲಿ ನೋವಿನ ಪ್ಲಾಸ್ಟರ್ ಅಂದುಕೊಂಡು, ಹೊಸದೊಂದನ್ನು ಮಧ್ಯಾಹ್ನ ತಮ್ಮ ಮಂಡಿಗೆ ಅಂಟಿಸಿಕೊಂಡರು. ರಾತ್ರಿ ಅದರ ಮೇಲೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮಲಗಿದರು. ಜೋರಾಗಿ ಗೊರಕೆ ಹೊಡೆಯುತ್ತಿದ್ದರು. ನೋವು ಕಡಿಮೆಯಾಗಿ ಒಳ್ಳೆ ನಿದ್ದೆ ಬಂದಿದೆ ಅಂದುಕೊಂಡೆವು. ಬೆಳಿಗ್ಗೆ ನೋಡಿದಾಗ ಬಲಮಗ್ಗುಲಲ್ಲಿ ಮಲಗಿದ್ದರು. ಎಬ್ಬಿಸಿದರೆ ಏಳಲಿಲ್ಲ, ತುಟಿ ನೀಲಿಯಾಗಿತ್ತು. ನಾಲ್ಕು ದಿನ ಐಸಿಯು, ಅದರಲ್ಲಿ ಎರಡು ದಿನ ವೆಂಟಿಲೇಟರ್. ಸಿಟಿ ಸ್ಕ್ಯಾನ್ ನಾರ್ಮಲ್ ಅಂದರು. ಈಗ ಮನೆಯಲ್ಲಿದ್ದಾರೆ. ಆದರೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ದಿನಾ ಬಿಡಿಸುತ್ತಿದ್ದ ಏಳು ಚುಕ್ಕಿ ರಂಗೋಲಿ ಅರ್ಧಕ್ಕೇ ನಿಲ್ಲುತ್ತೆ: ಚುಕ್ಕಿ ಸರಿಯಾಗಿ ಇಡುತ್ತಾರೆ, ಗೆರೆ ಎಳೆಯುತ್ತಾ ಮೂರನೇ ಸುತ್ತಿಗೆ ಮುಂದೆ ಗೊತ್ತಾಗದೆ ಎದ್ದುಬಿಡುತ್ತಾರೆ. ಬಲಗಾಲಿನ ಚಪ್ಪಲಿ ಜಾರಿ ಬಿದ್ದುಹೋಗುತ್ತೆ. ಸಣ್ಣದಕ್ಕೂ ಸಿಡುಕು. ರಾತ್ರಿ ಮಲಗಲು ಹೆದರುತ್ತಾರೆ, ನಾನೂ ಎರಡು ಮೂರು ಸಲ ಎದ್ದು ಅವರ ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತೇನೆ. ಔಷಧ ಇನ್ನೂ ಮೈಯಲ್ಲಿದೆಯಾ? ಇದು ಹೀಗೇ ಉಳಿಯುತ್ತಾ? ಇನ್ನು ಮುಂದೆ ಚಟ ಹತ್ತುತ್ತೆ ಅಂತ ನೆಂಟರೊಬ್ಬರು ಹೆದರಿಸಿದ್ದಾರೆ. ಮಾವನವರು ‘ನನ್ನಿಂದ ಹೀಗಾಯ್ತು’ ಅಂತ ತಮಗೂ ಪ್ಯಾಚ್ ಬೇಡ ಅನ್ನುತ್ತಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗನೂ ಇದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ಆ ಗೊರಕೆಯ ಮಾತು. ಅದು ನಿಮ್ಮ ಮನಸ್ಸನ್ನು ಕೊರೆಯುತ್ತಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತೆ. ‘ಚೆನ್ನಾಗಿ ನಿದ್ದೆ ಮಾಡ್ತಿದ್ರು ಡಾಕ್ಟ್ರೇ, ಗೊರಕೆ ಕೇಳಿಸ್ತಿತ್ತು’ ಅನ್ನುವ ಮಾತನ್ನು ನಾನು ಎಷ್ಟೋ ಮನೆಯವರ ಬಾಯಲ್ಲಿ ಕೇಳಿದ್ದೇನೆ. ಫೆಂಟನಿಲ್ ಜಾತಿಯ ಔಷಧ (ಇವಕ್ಕೆ ಒಪಿಯಾಯ್ಡ್ ಅನ್ನುತ್ತಾರೆ) ಜಾಸ್ತಿಯಾದಾಗ ಗಂಟಲಿನ ಸ್ನಾಯು ಸಡಿಲವಾಗಿ ನಾಲಿಗೆ ಹಿಂದಕ್ಕೆ ಬೀಳುತ್ತೆ. ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಗೊರಗೊರ ಸದ್ದು ಬರುತ್ತೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅಂತರ ಉದ್ದವಾಗುತ್ತಾ ಹೋಗುತ್ತೆ. ತಿಳಿಯದವರಿಗೆ ಅದು ಗೊರಕೆಯಾಗಿಯೇ ಕೇಳಿಸುತ್ತೆ. ನಿಮಗೆ ಅದು ಹೊಳೆಯಲಿಲ್ಲ ಅಂದರೆ ನಿಮ್ಮ ತಪ್ಪಲ್ಲ. ಪ್ಯಾಚ್ ಕೊಟ್ಟವರು ಯಾರಾದರೂ ಮನೆಮಂದಿಯನ್ನೆಲ್ಲ ಕೂರಿಸಿ ಹೇಳಿಕೊಡಬೇಕಿತ್ತು.

ಈಗ ನಿಮ್ಮ ಮೊದಲ ಪ್ರಶ್ನೆ. ಔಷಧ ಈಗ ಮೈಯಲ್ಲಿ ಉಳಿದಿಲ್ಲ. ಫೆಂಟನಿಲ್ ಅನ್ನುವುದು ಅಫೀಮಿನ ಗಿಡದಿಂದ ಬಂದಿದ್ದಲ್ಲ. 1960ರಲ್ಲಿ ಬೆಲ್ಜಿಯಂನ ಪಾಲ್ ಯಾನ್ಸೆನ್ ಲ್ಯಾಬಿನಲ್ಲಿ ತಯಾರಿಸಿದ್ದು. ಅಫೀಮಿನಿಂದ ತೆಗೆಯುವ ನೋವಿನ ಔಷಧ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಬಲ ಇದಕ್ಕೆ. ಅದಕ್ಕೇ ಅದನ್ನು ಮಿಲಿಗ್ರಾಂನಲ್ಲಿ ಅಲ್ಲ, ಮೈಕ್ರೋಗ್ರಾಂನಲ್ಲಿ ಅಳೆಯುತ್ತಾರೆ. ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಒಂದು ಪ್ಯಾಚ್ ಅಂದರೆ, ದಿನಕ್ಕೆ ಕಡಿಮೆ ಅಂದರೂ 60 ಮಿಲಿಗ್ರಾಂ ಮಾರ್ಫಿನ್ ನುಂಗಿದ ಹಾಗೆ. ನಿಮ್ಮ ಮಾವನವರ ಮೈ ಇದಕ್ಕೆ ತಿಂಗಳುಗಟ್ಟಲೆ ಒಗ್ಗಿದೆ. ಅತ್ತೆಯ ಮೈ ಒಂದು ದಿನವೂ ಅದನ್ನು ಕಂಡಿಲ್ಲ. ಮೇಲಿಂದ ಬಿಸಿನೀರಿನ ಬ್ಯಾಗ್ ಬೇರೆ. ಬಿಸಿ ತಗುಲಿದರೆ ಚರ್ಮದಡಿಯ ರಕ್ತನಾಳ ಅರಳಿ ಔಷಧ ಬೇಗ ಬೇಗ ಒಳಗೆ ಹೋಗುತ್ತೆ. ನಿಧಾನಕ್ಕೆ ಮೂರು ದಿನ ಹನಿಯಬೇಕಾದ್ದು ಒಂದೇ ರಾತ್ರಿ ಸುರಿದ ಹಾಗಾಯಿತು.

ಪ್ಯಾಚ್ ಕಿತ್ತ ಮೇಲೂ ಚರ್ಮದ ಅಡಿಯಲ್ಲಿ ಒಂದಿಷ್ಟು ಔಷಧ ಕೂತಿರುತ್ತೆ. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು 17 ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಆದರೆ ಇದಕ್ಕೆ ಕೊಡುವ ಪ್ರತಿಮದ್ದು ನಲಾಕ್ಸೋನ್ ಕೆಲಸ ಮಾಡುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ಒಂದು ಇಂಜೆಕ್ಷನ್‌ಗೆ ಕಣ್ಣು ಬಿಟ್ಟವರು ಮತ್ತೆ ಮುಳುಗಿಬಿಡುತ್ತಾರೆ. ಇಂಥವರನ್ನು ಐಸಿಯುನಲ್ಲಿ ಇಟ್ಟುಕೊಂಡು ನೋಡುವುದು ಇದಕ್ಕೇ. ಅಂತೂ ಕೆಲವು ದಿನಗಳಲ್ಲಿ ಎಲ್ಲವೂ ಹೊರಗೆ ಹೋಗುತ್ತೆ. ಎರಡೂವರೆ ತಿಂಗಳಾದ ಮೇಲೆ ಒಂದು ಚೂರೂ ಉಳಿದಿಲ್ಲ. ಹಾಗಾಗಿ ‘ಡಿಟಾಕ್ಸ್’ ಅಂತ ಯಾರಾದರೂ ಕಷಾಯ, ಡ್ರಿಪ್ ಅಂದರೆ ದುಡ್ಡು ಕೊಡಬೇಡಿ.

ಹಾಗಾದರೆ ಈ ಮರೆವು ಎಲ್ಲಿಂದ? ಆ ರಾತ್ರಿ ಕಡಿಮೆಯಾದ ಉಸಿರಿನಿಂದ. ಉಳಿದದ್ದೆಲ್ಲ ಇದೊಂದರಿಂದಲೇ ಅರ್ಥವಾಗುತ್ತೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮಿದುಳು ನಮ್ಮ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ನಾವು ಎಳೆದುಕೊಳ್ಳುವ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು. ಉಸಿರು ಪೂರ್ತಿ ನಿಂತರೆ ನಾಲ್ಕೈದು ನಿಮಿಷದಲ್ಲಿ ಮಿದುಳಿನ ಜೀವಕೋಶ ಸಾಯಲು ಶುರುವಾಗುತ್ತೆ. ನಿಮ್ಮ ಅತ್ತೆಯ ಉಸಿರು ಪೂರ್ತಿ ನಿಂತಿರಲಿಲ್ಲ, ಅದಕ್ಕೇ ಬದುಕಿದ್ದಾರೆ. ಆದರೆ ಗಂಟೆಗಟ್ಟಲೆ ಅರೆಹೊಟ್ಟೆಯಲ್ಲಿತ್ತು ಮಿದುಳು.

ಅರೆಹೊಟ್ಟೆಯಲ್ಲಿ ಮನೆಯವರೆಲ್ಲ ಒಂದೇ ಥರ ಸೊರಗುವುದಿಲ್ಲ, ಅಲ್ವಾ? ಮಿದುಳಿನಲ್ಲೂ ಹಾಗೇ. ಮೊದಲು ಪೆಟ್ಟು ತಿನ್ನುವುದು ಹಿಪ್ಪೊಕ್ಯಾಂಪಸ್. ಎರಡೂ ಕಿವಿಯ ನೇರಕ್ಕೆ ಒಳಗಡೆ, ಕಿರುಬೆರಳಿನಷ್ಟು ಜಾಗ. ಇವತ್ತು ಆದದ್ದನ್ನು ನಾಳೆಗೆ ಎತ್ತಿಡುವ ಕೆಲಸ ಅದರದ್ದು. ಇನ್ನು ಮೈಯ ಸಮತೋಲ, ನಡಿಗೆಯ ಹದ ನೋಡಿಕೊಳ್ಳುವ ಸಣ್ಣ ಮಿದುಳಿಗೂ, ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಒಳಗಿನ ಬಿಳಿ ತಂತಿಗಳಿಗೂ ಪೆಟ್ಟು ಬೀಳುತ್ತೆ.

ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ. ನಿವೃತ್ತ ಬಸ್ ಕಂಡಕ್ಟರ್. ಇಂಥದ್ದೇ ಒಂದು ಅವಘಡದಿಂದ ಬದುಕಿ ಬಂದವರು. ಮೆಜೆಸ್ಟಿಕ್, ಕಾರ್ಪೊರೇಷನ್, ಮಿನರ್ವ ಸರ್ಕಲ್, ಲಾಲ್‌ಬಾಗ್ ವೆಸ್ಟ್ ಗೇಟ್, ಸೌತ್ ಎಂಡ್, ಜಯನಗರ ನಾಲ್ಕನೇ ಬ್ಲಾಕ್ ಅಂತ ಸ್ಟಾಪ್‌ಗಳನ್ನು ಉಸಿರು ಬಿಡದೆ ಹೇಳುತ್ತಿದ್ದರು. ಬೆಳಿಗ್ಗೆ ತಿಂಡಿ ಏನು ತಿಂದಿರಿ ಅಂದರೆ ಹೆಂಡತಿಯ ಮುಖ ನೋಡುತ್ತಿದ್ದರು. ಹಳೆಯದೆಲ್ಲ ಭದ್ರ, ಹೊಸದು ಅಂಟುತ್ತಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಿಂದ 2016ರ ನಡುವೆ ಇದ್ದಕ್ಕಿದ್ದಂತೆ ನೆನಪು ಕಳೆದುಕೊಂಡ 14 ಜನರನ್ನು ಡಾಕ್ಟರುಗಳು ಗುರುತಿಸಿದರು. ಎಂಆರ್‌ಐನಲ್ಲಿ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ಗೆ ಪೆಟ್ಟಾಗಿತ್ತು. ಅವರಲ್ಲಿ ಹೆಚ್ಚಿನವರು ಒಪಿಯಾಯ್ಡ್ ಬಳಸುತ್ತಿದ್ದವರೇ. ಅಲ್ಲಿಂದೀಚೆಗೆ ಇದನ್ನು ಬೇರೆಯದೇ ತೊಂದರೆಯಾಗಿ ನೋಡುತ್ತಿದ್ದಾರೆ. ಇದು ಅಪರೂಪ. ಆದರೆ ಸಿಟಿ ಸ್ಕ್ಯಾನಿನಲ್ಲಿ ಇಂಥದ್ದು ಸಾಮಾನ್ಯವಾಗಿ ಕಾಣುವುದಿಲ್ಲ. ಸಿಟಿ ನಾರ್ಮಲ್ ಅಂದರೆ ರಕ್ತ ಸೋರಿಲ್ಲ, ದೊಡ್ಡ ಊತ ಇಲ್ಲ ಅಂತ ಅಷ್ಟೇ. ಎಂಆರ್‌ಐ ಮಾಡಿಸಿ. ಅದೂ ನಾರ್ಮಲ್ ಬಂದರೆ ‘ಏನೂ ಆಗಿಲ್ಲ, ಸುಮ್ನೆ ನಾಟಕ’ ಅಂತ ಯಾರೂ ಅನ್ನದಿರಲಿ. ಸ್ಕ್ಯಾನಿಗೆ ಕಾಣದ ಪೆಟ್ಟೂ ಇರುತ್ತೆ.

ನಿಮ್ಮ ಅತ್ತೆಯದು ಕಂಡಕ್ಟರ್ ಅವರಷ್ಟು ಗಟ್ಟಿಯಾದ ಮರೆವು ಅಂತ ನನಗನ್ನಿಸುವುದಿಲ್ಲ. ಯಾಕೆ ಅಂದರೆ ನೀವು ಬರೆದ ರಂಗೋಲಿಯ ಮಾತು. ಏಳರಿಂದ ಒಂದರವರೆಗೆ ಚುಕ್ಕಿ ಇಡುತ್ತಾರೆ, ಅದು ಸರಿ ಬರುತ್ತೆ. ಗೆರೆ ಎಳೆಯುತ್ತಾ ಬಂದು ಮೂರನೇ ಸುತ್ತಿಗೆ ನಿಲ್ಲುತ್ತಾರೆ, ಯಾವ ಚುಕ್ಕಿಯಿಂದ ಯಾವುದಕ್ಕೆ ಅಂತ ಗೊತ್ತಾಗದೆ ಎದ್ದುಬಿಡುತ್ತಾರೆ ಅಂದಿದ್ದೀರಿ. ಅಂದರೆ ರಂಗೋಲಿ ಮರೆತಿಲ್ಲ. ಮುಂದಿನ ಹೆಜ್ಜೆಯನ್ನು ತಲೆಯಲ್ಲಿ ಹಿಡಿದುಕೊಂಡು ಈಗಿನ ಹೆಜ್ಜೆ ಇಡುವುದು ಕಷ್ಟವಾಗಿದೆ. ಉಪ್ಪಿನದೂ ಅದೇ ಕಥೆ. ಹಾಕಿದ್ದು ತಲೆಯಲ್ಲಿ ಉಳಿಯುವಷ್ಟರಲ್ಲಿ ಕುಕ್ಕರ್ ಕೂಗಿತು, ಮೊಮ್ಮಗ ಕರೆದ, ಅದು ಜಾರಿಹೋಯಿತು. ಸಿಡುಕು ಬರುವುದೂ ಇದರಿಂದಲೇ. ನಲವತ್ತು ವರ್ಷ ಮಾಡಿದ ಸಾರು ಕೈ ಕೊಟ್ಟರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ಇಂಥ ತೊಂದರೆ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ. ಮೊದಲ ಮೂರರಿಂದ ಆರು ತಿಂಗಳು ವೇಗ ಜಾಸ್ತಿ, ಆಮೇಲೆ ಒಂದು ವರ್ಷದವರೆಗೆ, ಕೆಲವರಲ್ಲಿ ಅದಕ್ಕೂ ಮುಂದೆ ನಿಧಾನಕ್ಕೆ. ಪೂರ್ತಿ ಮೊದಲಿನ ಹಾಗೆ ಆಗುತ್ತಾರೆ ಅಂತ ನಾನು ಮಾತು ಕೊಡಲಾರೆ. ಆದರೆ ಇವತ್ತು ಇರುವಲ್ಲೇ ನಿಲ್ಲುತ್ತಾರೆ ಅಂತಲೂ ಯಾರೂ ಹೇಳಬಾರದು. ಇದು ಅಲ್ಝೈಮರ್‌ನಂತೆ ದಿನೇ ದಿನೇ ಇಳಿಯುವ ಕಾಯಿಲೆ ಅಲ್ಲ. ಒಂದೇ ಸಲ ಪೆಟ್ಟು ಬಿದ್ದು, ಅಲ್ಲಿಂದ ಮೇಲೇಳುವ ದಾರಿ.

ಒಂದು ವಿಷಯ ಮಾತ್ರ ನೆನಪು ಮಾಡಿಕೊಂಡು ಹೇಳಿ. ಮನೆಗೆ ಬಂದಾಗಿನಿಂದ ಹೀಗೇ ಇದ್ದಾರಾ, ಅಥವಾ ಮೊದಲು ಎರಡು ಮೂರು ವಾರ ಚೆನ್ನಾಗಿದ್ದು ಆಮೇಲೆ ಕೆಟ್ಟರಾ? ಎರಡನೆಯದಾದರೆ ಕಾಯಬೇಡಿ, ಈ ವಾರವೇ ನರರೋಗ ತಜ್ಞರಿಗೆ ತೋರಿಸಿ. ಆಮ್ಲಜನಕ ಕಡಿಮೆಯಾಗಿ ಚೇತರಿಸಿಕೊಂಡವರಲ್ಲಿ ಕೆಲವರಿಗೆ ಕೆಲವು ವಾರಗಳ ನಂತರ ಮಿದುಳಿನ ಬಿಳಿ ತಂತಿಗಳ ಮೇಲಿನ ಹೊದಿಕೆ ಕೆಡುತ್ತೆ. ಮಾತು ಕಮ್ಮಿಯಾಗುತ್ತೆ, ನಡಿಗೆ ಬಿಗಿಯಾಗುತ್ತೆ, ಕೂತಲ್ಲೇ ಕೂರುತ್ತಾರೆ, ಕೆಲವೊಮ್ಮೆ ಮೂತ್ರ ಗೊತ್ತಾಗದೆ ಹೋಗುತ್ತೆ. ಮನೆಯವರು ಅದನ್ನು ಬೇಜಾರು, ಖಿನ್ನತೆ ಅಂದುಕೊಂಡು ಸುಮ್ಮನಿರುತ್ತಾರೆ. ಎಂಆರ್‌ಐನಲ್ಲಿ ಇದು ಚೆನ್ನಾಗಿ ಕಾಣುತ್ತೆ. ಹಾಗಾಗಿಬಿಟ್ಟರೂ ಎಷ್ಟೋ ಜನ ತಿಂಗಳುಗಳಲ್ಲಿ ಎದ್ದು ನಿಂತಿದ್ದಾರೆ.

ಚಪ್ಪಲಿ ಜಾರುವುದಕ್ಕೆ ಬೇರೆ ಕಾರಣ. ಬೆಳಿಗ್ಗೆ ನೋಡಿದಾಗ ಬಲಮಗ್ಗುಲಲ್ಲಿ ಮಲಗಿದ್ದರು ಅಂತ ಬರೆದಿದ್ದೀರಿ. ನಿದ್ದೆಯಲ್ಲಿ ನಾವು ಗೊತ್ತಿಲ್ಲದೆ ಹೊರಳುತ್ತೇವೆ. ವಿಷ ಏರಿದವರು ಹೊರಳುವುದಿಲ್ಲ. ಮಂಡಿಯ ಹೊರಬದಿಯಲ್ಲಿ, ಮೂಳೆಯ ಮೇಲೆ ತೆಳ್ಳಗೆ ಹಾದುಹೋಗುವ ಒಂದು ನರವಿದೆ. ಪಾದವನ್ನು ಮೇಲೆತ್ತುವುದು ಅದೇ. ಗಂಟೆಗಟ್ಟಲೆ ಮೈಭಾರ ಬಿದ್ದರೆ ಅದು ಜಜ್ಜಿಹೋಗುತ್ತೆ. ಪಾದ ಜೋಲುತ್ತೆ, ಚಪ್ಪಲಿ ನಿಲ್ಲುವುದಿಲ್ಲ, ಹೊಸ್ತಿಲಿಗೆ ಬೆರಳು ತಾಗುತ್ತೆ. ನರದ ಎಳೆ ತುಂಡಾಗಿ ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತೆ. ಅದಕ್ಕೇ ತಿಂಗಳುಗಳು ಬೇಕು. ನರದ ಪರೀಕ್ಷೆ ಮಾಡಿಸಿ, ಫಿಸಿಯೋಥೆರಪಿ ಶುರು ಮಾಡಿ. ಅಲ್ಲಿಯವರೆಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ, ಜಾರುವ ಕಾಲೊರೆಸು ತೆಗೆದುಬಿಡಿ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಈಗಿನ ಕಷ್ಟ ಏನೂ ಅಲ್ಲ ಅನ್ನಿಸಿಬಿಡುತ್ತೆ.

ಹಾಗೆ ಒಂದೇ ಮಗ್ಗುಲಲ್ಲಿ ಬಿದ್ದಾಗ ಮಾಂಸಖಂಡ ಕೊಳೆತು, ಅದರ ಸಾರ ಕಿಡ್ನಿಗೆ ಹೋಗಿ ತೊಂದರೆ ಮಾಡುವುದೂ ಉಂಟು. ಡಿಸ್ಚಾರ್ಜ್ ಸಮರಿಯಲ್ಲಿ ಸಿಕೆ (ಮಾಂಸಖಂಡದ ಪೆಟ್ಟು ತೋರಿಸುವ ರಕ್ತ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿಯದು) ಅಂತ ಇದ್ದರೆ ನೋಡಿ. ಜಾಸ್ತಿ ಇತ್ತು ಅಂದರೆ ಕ್ರಿಯಾಟಿನಿನ್ ಈಗೊಮ್ಮೆ ಮಾಡಿಸಿ. ವಾಂತಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿದ್ದರೆ ಎದೆಯ ಎಕ್ಸ್‌ರೇ ಕೂಡ. ಟಿವಿ ಸೌಂಡ್ ಜಾಸ್ತಿ ಇಡುತ್ತಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಈ ಔಷಧಗಳು ಕೆಲವೊಮ್ಮೆ ಕಿವಿಗೂ ಪೆಟ್ಟು ಕೊಡುತ್ತವೆ.

ಚಟದ ಮಾತಿಗೆ ಬರೋಣ. ಒಂದು ರಾತ್ರಿ ಗೊತ್ತಿಲ್ಲದೆ ಮೈಗೆ ಹೋದ ಔಷಧದಿಂದ ಚಟ ಹತ್ತುವುದಿಲ್ಲ. ಅವರಿಗೆ ಅದರ ಮೋಜು ಗೊತ್ತಿಲ್ಲ, ಹುಡುಕಿಕೊಂಡು ಹೋಗಿಲ್ಲ, ಮೈ ಒಗ್ಗಿಲ್ಲ. ಆ ನೆಂಟರಿಗೆ ನನ್ನ ಹೆಸರಲ್ಲೇ ಹೇಳಿ. ಇಂಥ ಕೇಸುಗಳಲ್ಲಿ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ದಾಖಲೆ ಮಾಡುತ್ತಾರೆ, ಪೊಲೀಸರು ಬಂದು ಕೇಳುತ್ತಾರೆ. ಪಕ್ಕದ ಮನೆಯವರು ಇಲ್ಲದ್ದನ್ನೆಲ್ಲ ಊಹಿಸುತ್ತಾರೆ. ವಿಷ ಅನ್ನುವ ಶಬ್ದ ಕಾಗದದ ಮೇಲಿದ್ದರೆ ಸಾಕು, ‘ಅವರೇ ತಗೊಂಡ್ರಂತೆ’ ಅನ್ನುವ ಪಿಸುಮಾತು ಶುರುವಾಗುತ್ತೆ. ಆ ನಾಚಿಕೆಯಿಂದಲೇ ಎಷ್ಟೋ ಮನೆಗಳು ಫಾಲೋಅಪ್‌ಗೆ ಹೋಗುವುದನ್ನೇ ನಿಲ್ಲಿಸುತ್ತವೆ. ನನಗೆ ತುಂಬ ಸಂಕಟವಾಗುವುದು ಅಲ್ಲಿ. ನಿಮ್ಮ ಅತ್ತೆ ಮಂಡಿ ನೋವಿಗೆ ಪ್ಲಾಸ್ಟರ್ ಅಂಟಿಸಿಕೊಂಡರು. ನಮ್ಮ ಬೆಂಗಳೂರಿನ ಅರ್ಧ ಮನೆಗಳಲ್ಲಿ ನಡೆಯುವ ಕೆಲಸ ಅದು.

ಇನ್ನು ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಘಟನೆ ಹೇಳಿ. ಇದು ಅಲರ್ಜಿ ಅಲ್ಲ, ಮುಂದೆ ಆಪರೇಷನ್‌ಗೆ ಬೇಕಾದರೆ ಇಂಥ ಔಷಧ ಅಳತೆಯಲ್ಲಿ ಕೊಡಬಹುದು. ಆದರೆ ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತರಿಸುವ ಮಾತ್ರೆಗಳ ಬಗ್ಗೆ ಹುಷಾರು. ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿಸಿದ ಮಾತ್ರೆಗಳಿವೆ. ಟ್ರಮಡಾಲ್ ಕೂಡ ಲ್ಯಾಬಿನಲ್ಲಿ ತಯಾರಾದ ಒಪಿಯಾಯ್ಡೇ. 2018ರಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯ (ಎನ್‌ಡಿಪಿಎಸ್) ಕೆಳಗೆ ತಂದಿದ್ದಾರೆ. ಪೆಟ್ಟು ತಿಂದ ಮಿದುಳಿಗೆ ಅದರಿಂದ ಫಿಟ್ಸ್ ಬರುವ ಅಪಾಯವೂ ಇದೆ. ನಿದ್ದೆ ಬರಲ್ಲ ಅಂದಾಗ ಕೊಡುವ ಅಲ್ಪ್ರಜೋಲಾಮ್‌ನಂಥ ಮಾತ್ರೆ, ಶೀತಕ್ಕೆ ತಗೊಳ್ಳುವ ತೂಕಡಿಕೆ ತರುವ ಮಾತ್ರೆ, ಇವೆಲ್ಲ ಮರೆವನ್ನು ಇನ್ನೂ ಕೆಡಿಸುತ್ತವೆ. ಈಗ ನಡೆಯುತ್ತಿರುವ ಎಲ್ಲ ಮಾತ್ರೆಯ ಚೀಟಿಯನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ಬಿ12, ಥೈರಾಯ್ಡ್, ಸಕ್ಕರೆ ಪರೀಕ್ಷೆಯೂ ಆಗಲಿ. ಈ ಪೆಟ್ಟಿನ ಮೇಲೆ ಬಿ12 ಕೂಡ ಕಮ್ಮಿ ಇದ್ದರೆ ಚೇತರಿಕೆ ಕುಂಟುತ್ತೆ. ಅದನ್ನು ಸರಿ ಮಾಡುವುದು ಸುಲಭ.

ಮನೆಯಲ್ಲಿ ಏನು ಮಾಡಬಹುದು ಅಂತ ಕೇಳಿದ್ದೀರಿ. ಅಡುಗೆ ಬಿಡಿಸಬೇಡಿ. ಅದೇ ಅವರ ವ್ಯಾಯಾಮ. ಸಾರಿಗೆ ಬೇಕಾದಷ್ಟು ಉಪ್ಪನ್ನು ಮೊದಲೇ ಸಣ್ಣ ಬಟ್ಟಲಿಗೆ ಹಾಕಿಡಿ. ಬಟ್ಟಲು ಖಾಲಿ ಅಂದರೆ ಉಪ್ಪು ಹಾಕಿ ಆಯಿತು ಅಂತ ಅವರ ಕಣ್ಣಿಗೇ ಕಾಣುತ್ತೆ, ನೀವು ಪಕ್ಕದಲ್ಲಿ ನಿಂತು ‘ಹಾಕಿದ್ರಿ ಅತ್ತೆ’ ಅನ್ನಬೇಕಾಗಿಲ್ಲ. ಆ ಮಾತೇ ಅವರಿಗೆ ಸಿಟ್ಟು ತರುತ್ತೆ. ಒಲೆ ಮುಂದೆ ಇದ್ದಾಗ ಟಿವಿ ಆರಿಸಿ, ಮಗನನ್ನು ಹೊರಗೆ ಕರೆದುಕೊಂಡು ಹೋಗಿ. ಒಂದು ಹೊತ್ತಿಗೆ ಒಂದೇ ಕೆಲಸ. ಗ್ಯಾಸ್ ಆರಿಸಿದ್ದನ್ನು ಮಾತ್ರ ನೀವೇ ನೋಡಿ. ರಂಗೋಲಿಗೆ ಏಳು ಚುಕ್ಕಿ ಬಿಟ್ಟು ಐದಕ್ಕೆ ಇಳಿಸಿ. ಮೊದಲು ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ, ಆಮೇಲೆ ಬಾಗಿಲ ಮುಂದೆ. ಐದು ಸಲೀಸಾದ ಮೇಲೆ ಏಳು. ದಿನಾ ಬೆಳಿಗ್ಗೆ ಅರ್ಧ ಗಂಟೆ ಯಾರಾದರೂ ಕೈ ಹಿಡಿದು ಪಾರ್ಕಿನಲ್ಲಿ ನಡೆಸಿ. ಮಧ್ಯಾಹ್ನ ಸುಸ್ತಾದರೆ ಮಲಗಲಿ, ಗಾಯವಾದ ಮಿದುಳು ಬೇಗ ದಣಿಯುತ್ತೆ.

ರಾತ್ರಿ ಮಲಗಲು ಹೆದರುತ್ತಾರೆ, ನೀವೂ ಎರಡು ಮೂರು ಸಲ ಎದ್ದು ಅವರ ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತೀರಿ ಅಂತ ಬರೆದಿದ್ದೀರಿ. ಅದನ್ನು ಓದಿ ಮನಸ್ಸು ಭಾರವಾಯಿತು. ಐಸಿಯುನಿಂದ ಬಂದವರಿಗೆ ಕೆಟ್ಟ ಕನಸು, ಗಾಬರಿ, ಮಂಕು ಬರುವುದು ಸಾಮಾನ್ಯ. ಅವರನ್ನು ನೋಡಿಕೊಂಡವರಿಗೂ ಬರುತ್ತೆ. ಈಗ ಔಷಧ ಅವರ ಮೈಯಲ್ಲಿಲ್ಲ, ಆ ಕಾರಣಕ್ಕೆ ಉಸಿರು ನಿಲ್ಲುವುದಿಲ್ಲ. ನೀವು ನಿದ್ದೆ ಮಾಡಿ. ಗಾಬರಿ ಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅತ್ತೆಗೆ ಮಾತ್ರ ಅಲ್ಲ, ನಿಮಗೋಸ್ಕರವೂ ಮಾಡಿ.

ಮಾವನವರ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಅವರು ಪ್ಯಾಚ್ ಬಿಡಬಾರದು. ಒಗ್ಗಿದ ಮೈಯಿಂದ ಒಮ್ಮೆಲೇ ತೆಗೆದರೆ ಬೆವರು, ನಡುಕ, ಭೇದಿ ಶುರುವಾಗುತ್ತೆ, ಜೊತೆಗೆ ಕ್ಯಾನ್ಸರಿನ ನೋವು ಪೂರ್ತಿ ಬಲದಲ್ಲಿ ಬರುತ್ತೆ. ಅವರ ನೋವಿಗೆ ಅದು ಸರಿಯಾದ ಔಷಧ. ನಮ್ಮ ದೇಶದಲ್ಲಿ ಇಂಥ ಔಷಧ ಸಿಗದೆ ನರಳುವ ಕ್ಯಾನ್ಸರ್ ರೋಗಿಗಳೇ ಜಾಸ್ತಿ. ಒಬ್ಬರಿಗೆ ಅವಘಡವಾಯಿತು ಅಂತ ಇನ್ನೊಬ್ಬರು ನರಳಬಾರದು. ಅವರ ಹತ್ತಿರ ಕೂತು ಹೇಳಿ, ‘ಮಾವ, ಪ್ಯಾಚಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ, ಇಟ್ಟ ಜಾಗ ಸರಿ ಇರಲಿಲ್ಲ’ ಅಂತ.

ಜಾಗ ಸರಿ ಮಾಡಿ. ಬೀಗ ಹಾಕುವ ಡಬ್ಬಿ, ಕೀಲಿ ನಿಮ್ಮ ಹತ್ತಿರ. ಅಂಟಿಸುವಾಗ ಪ್ಯಾಚಿನ ಮೇಲೆ ಪೆನ್ನಿನಲ್ಲಿ ದಿನಾಂಕ ಬರೆಯಿರಿ. ಮಗ ಅಜ್ಜನ ಪಕ್ಕ ಮಲಗಿದರೆ ಅದು ಕಿತ್ತು ಅವನ ಮೈಗೆ ಅಂಟದ ಹಾಗೆ, ಅವನ ಕೈಗೆ ಸಿಗದ ಬೆನ್ನಿನ ಮೇಲ್ಭಾಗದಲ್ಲಿ ಹಾಕಿ. ಮೂರು ದಿನ ಆಗಿ ತೆಗೆದ ಪ್ಯಾಚಿನಲ್ಲೂ ಅರ್ಧಕ್ಕಿಂತ ಜಾಸ್ತಿ ಔಷಧ ಉಳಿದಿರಬಹುದು. ಒಂದು ಮಗುವಿನ ಉಸಿರು ನಿಲ್ಲಿಸಲು ಅದು ಸಾಕು. ತೆಗೆದ ಕೂಡಲೇ ಅಂಟು ಭಾಗ ಒಳಗಾಗುವಂತೆ ಮಡಚಿ, ಎಣಿಸಿಟ್ಟು, ಕೊಟ್ಟ ಆಸ್ಪತ್ರೆಗೇ ವಾಪಸ್ ಕೊಡಿ. ಅದು ಆಗದಿದ್ದರೆ ಮಡಚಿದ್ದನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡಿ. ಕಸದ ಬುಟ್ಟಿಗೆ ಬೇಡ, ಕಸ ಆಯುವವರ ಕೈಗೆ ಹೋಗುತ್ತೆ. ಮಾವನವರಿಗೆ ಜ್ವರ ಬಂದರೂ ಡಾಕ್ಟರಿಗೆ ತಿಳಿಸಿ, ಮೈ ಬಿಸಿಯಾದರೆ ಔಷಧ ಜಾಸ್ತಿ ಇಳಿಯುತ್ತೆ. ಇದನ್ನೆಲ್ಲ ಮನೆಗೇ ಬಂದು ನೋಡಿಕೊಳ್ಳುವವರು ಬೇಕಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಉಪಶಮನ (ನೋವು ತಗ್ಗಿಸುವ) ವಿಭಾಗದಲ್ಲಿ ವಿಚಾರಿಸಿ, ಅಥವಾ ಕರುಣಾಶ್ರಯಕ್ಕೆ ಫೋನ್ ಮಾಡಿ. ಅವರು ದುಡ್ಡು ತಗೊಳ್ಳದೆ ಮನೆಗೆ ಬಂದು ಆರೈಕೆ ಮಾಡುತ್ತಾರೆ.

ಯಾರಾದರೂ ಮತ್ತೆ ಹಾಗೆ ಬಿದ್ದರೆ, ಅಲುಗಾಡಿಸಿದರೂ ಏಳದೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗಿ, ಉಸಿರು ಬಿಟ್ಟು ಬಿಟ್ಟು ಬರುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಪ್ಯಾಚ್ ಕಿತ್ತು ತಣ್ಣೀರಲ್ಲಿ ಒರೆಸಿ, ಮಗ್ಗುಲಿಗೆ ಹೊರಳಿಸಿ. ಫೆಂಟನಿಲ್ ಅಂತ ಹೆಸರು ಹೇಳಿ. ಹೆಸರು ಗೊತ್ತಾದರೆ ನಲಾಕ್ಸೋನ್ ಬೇಗ ಸಿಗುತ್ತೆ.

ನಿಮ್ಹಾನ್ಸ್‌ಗೆ ಒಮ್ಮೆ ಕರೆದುಕೊಂಡು ಹೋಗಿ. ಅಲ್ಲಿ ನೆನಪು, ಗಮನ, ಯೋಚನೆಯ ವೇಗ ಎಲ್ಲವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ, ಯಾವುದು ಕುಂಟುತ್ತಿದೆಯೋ ಅದಕ್ಕೆ ತಕ್ಕ ಅಭ್ಯಾಸ ಹೇಳಿಕೊಡುತ್ತಾರೆ. ಬೆಳಿಗ್ಗೆ ಬೇಗ ಹೊರಡಿ, ಕ್ಯೂ ಇರುತ್ತೆ, ಅತ್ತೆ ದಣಿಯುವ ಮೊದಲು ಪರೀಕ್ಷೆ ಆಗಲಿ. ಡಿಸ್ಚಾರ್ಜ್ ಸಮರಿ, ಸ್ಕ್ಯಾನಿನ ಸಿಡಿ, ಮಾತ್ರೆ ಚೀಟಿ ಎಲ್ಲ ಇರಲಿ. ಅತ್ತೆಯ ಹಳೇ ರಂಗೋಲಿ ಪುಸ್ತಕವನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ಮೊದಲು ಬಿಡಿಸಿದ ಪುಟ, ಈಗ ಅರ್ಧಕ್ಕೆ ನಿಂತ ಪುಟ, ಎರಡನ್ನೂ ಅಕ್ಕಪಕ್ಕ ಇಟ್ಟು ಡಾಕ್ಟರಿಗೆ ತೋರಿಸಿ.